ಎಮ್ಮೆ ಏಳುವುದರೊಳಗೆ

ನಮ್ಮ ಮನೆತನದ ಮೊದಲ ಬಿ.ಎ. ನಾನು. ಇದನ್ನು ಹೇಳಿಕೊಳ್ಳುವ ಒಂದು ಅವಕಾಶವನ್ನೂ ಬಿಟ್ಟವನಲ್ಲ. ಬಸ್ಸಿನಲ್ಲಿ ಪಕ್ಕದವರು ಟೈಮ್ ಎಷ್ಟೆಂದು ಕೇಳಿದರೂ ಹೇಗೋ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ. ಒಮ್ಮೆ ಮಾತ್ರ ಎಮ್ಮೆಯ ಮುಂದೆ ಹೇಳಿ ಕೆಟ್ಟೆ.

ಆಗ ಬೈಲಹೊಂಗಲದ ಕೇಬಲ್‌ನವನೊಬ್ಬ ಸ್ವಂತ ಚಾನೆಲ್ ನಡೆಸುತ್ತಿದ್ದ. ಅದರಲ್ಲಿ ವಾರಕ್ಕೊಮ್ಮೆ ‘ಎಮ್ಮಿ ಏಳೋದ್ರಾಗ’ ಎಂಬ ಆಟ. ಹಳೆಯ ಹತ್ತಿ ಗೋದಾಮಿನಲ್ಲಿ ಎಮ್ಮೆಯೊಂದು ಮಲಗಿ ಮೆಲುಕು ಹಾಕುತ್ತಿರುತ್ತದೆ. ಅದು ಏಳುವುದರೊಳಗೆ ಐದು ಪ್ರಶ್ನೆಗಳಿಗೆ ಉತ್ತರಿಸಿದವರಿಗೆ ಕಲರ್ ಟಿವಿ. ಯಮ ಕೋಣವನ್ನೇ ಏಕೆ ಆರಿಸಿಕೊಂಡನೆಂದು ನನಗೆ ತಿಳಿದದ್ದು ಆಗಲೇ. ಯಾವಾಗ ಎದ್ದು ಹೊರಟೀತೆಂದು ಆ ಜಾತಿಯ ಬಗ್ಗೆ ಯಾರೂ ಹೇಳಲಾರರು. ರಾಮದುರ್ಗದ ಮಾಸ್ತರರೊಬ್ಬರು ಕೈಮುಗಿಯುವುದರೊಳಗೇ ಅದು ಎದ್ದಿತ್ತು. ಆಟ ಬರುವ ಹೊತ್ತಿಗೆ ಎಲ್ಲರೂ ಟಿವಿ ಮುಂದೆ, ಓಣಿ ಓಣಿಗಳೇ ಖಾಲಿ.

ನನಗೆ ಆಡಲು ಕರೆ ಬಂದಾಗ ಅಪ್ಪ ನಮ್ಮೂರು ದೊಡವಾಡದ ಕಟ್ಟೆಯ ಮೇಲೆ ಎಲ್ಲರಿಗೂ ಸಾರಿದ: “ನಮ್ಮ ಹುಡುಗ ಡಿಗ್ರಿ ಮಾಡ್ಯಾನ. ಟಿವಿ ಬಂತಂತನ ತಿಳೀರಿ.” ಮನೆಯಲ್ಲಿ ಜೋಳದ ಚೀಲ ಸರಿಸಿ ಜಾಗವನ್ನೂ ಮಾಡಿಟ್ಟ. ನಾನು ಸೋತರೆ ಅವನು ಆ ಕಟ್ಟೆ ಹತ್ತುವಂತಿರಲಿಲ್ಲ.

ಕೊಂಬಿಗೆ ಬಂಗಾರದ ಬಣ್ಣ, ಮೈತುಂಬ ಜರಿಯ ಶಾಲು. ಅಂಥ ಎಮ್ಮೆಯ ಮುಂದೆ ನಿಂತು ಬಿ.ಎ. ಎಂದು ಪರಿಚಯಿಸಿಕೊಂಡೆ. ನಾಲ್ಕು ಉತ್ತರ ಸರಿಯಾದವು. ಐದನೆಯದು: ಎಮ್ಮೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳೆಷ್ಟು? ರೈತನ ಮಗ ತಬ್ಬಿಬ್ಬಾದೆ. ಹಿಂದಿನ ಸಾಲಿನಲ್ಲಿದ್ದ ಅವ್ವನಿಗೆ ತಡೆಯಲಾಗಲಿಲ್ಲ.

“ನೆನಪ ಮಾಡ್ಕೋ ತಮ್ಮಾ. ನಮ್ಮ ಗೌರಿ ಬಾಯಾಗ ಕೈ ಹಾಕಿ ಬೈಸ್ಕೋತಿದ್ದಿಲ್ಲ?”

ಗೌರಿ ನನ್ನ ಕೊನೆಯ ವರ್ಷದ ಫೀಗೆಂದು ಸಂತೆಯಲ್ಲಿ ಮಾರಿದ್ದ ಎಮ್ಮೆ. ಹೆಸರು ಕೇಳಿದ್ದೇ ತಡ, ಜರಿಶಾಲಿನ ಎಮ್ಮೆ ಕತ್ತು ತಿರುಗಿಸಿತು, ಎದ್ದಿತು, ಲೈಟಿನ ವೈರುಗಳನ್ನು ಎಳೆದುಕೊಂಡು ಹೋಗಿ ಅವ್ವನ ಸೆರಗು ಮೂಸಿತು.

ಅವ್ವನ ಪಕ್ಕದಲ್ಲಿದ್ದ ಅಪ್ಪ ಹೇಳಿದ: “ಡಿಗ್ರಿ ಮಾಡಿದಾಂವಗ ಗುರುತು ಹತ್ತಲಿಲ್ಲ. ಅದಕ್ಕ ಹತ್ತಿತು ನೋಡು.”

ಆಟದ ಗುಟ್ಟು ಊರೂರಿಗೆ ಹರಡಿತು. ಸವದತ್ತಿಯವರು ಆಡಲು ನಿಂತರೆ ಕಿತ್ತೂರಿನವರು ಮೆಲ್ಲಗೆ “ಗೌರೀ” ಎನ್ನುವುದು. ಮೊದಲ ಪ್ರಶ್ನೆಗೇ ಎಮ್ಮೆ ನಿಂತಿರುವುದು. ತಿಂಗಳೊಳಗೆ ಕಾರ್ಯಕ್ರಮ ಮುಚ್ಚಿತು. ಮೇವು ಹಾಕಲಾರದ ಕೇಬಲ್‌ನವನು ಗೌರಿಯನ್ನು ನಮಗೇ ಬಿಟ್ಟುಕೊಟ್ಟ. ಅಪ್ಪ ಅದನ್ನು ಕಟ್ಟೆಯ ಮುಂದಿನಿಂದಲೇ ನಡೆಸಿಕೊಂಡು ಬಂದು ಟಿವಿಗೆಂದು ಮಾಡಿದ್ದ ಜಾಗದಲ್ಲಿ ಕಟ್ಟಿದ.

ಅದರ ತಲೆಯ ಮೇಲಿನ ಗೋಡೆಗೆ ನನ್ನ ಸರ್ಟಿಫಿಕೇಟು ತೂಗುತ್ತಿತ್ತು. ಮೇಲೆ ಮುಂದಿನ ಹಲ್ಲು ಒಂದೂ ಇಲ್ಲದ ಬಾಯಿಂದ ಅದು ಮೆಲುಕು ಹಾಕುತ್ತಿತ್ತು. ಊರಿಗೆಲ್ಲ ಬಿ.ಎ. ಎಂದು ಹೇಳಿಕೊಂಡು ತಿರುಗಿದರೂ ಮತ್ತೆಂದೂ ಅದರ ಮುಂದೆ ಹೇಳಲಿಲ್ಲ. ಫೀ ಕಟ್ಟಿದ ಗೌರಿಗೆ ಅದು ಮೊದಲೇ ಗೊತ್ತಿತ್ತು.