ನಂಜು ಅಂದದ್ದಕ್ಕೆ

ಸೇಡು ತೀರಿಸಿಕೊಳ್ಳೋದಕ್ಕೇ ನಾನು ಆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದು. ಇಂಟರ್‌ವ್ಯೂನಲ್ಲಿ ಸೇವೆ ಗೀವೆ ಅಂತ ಏನೇನೋ ಹೇಳಿದೆ, ಅದೆಲ್ಲ ಸುಳ್ಳು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ರೆಕಾರ್ಡ್ ರೂಮು. ವಾಸಿಯಾಗಿ ಮನೆಗೆ ಹೋದವರದೂ ಸತ್ತವರದೂ ಕೇಸ್ ಶೀಟುಗಳೆಲ್ಲ ಕೊನೆಗೆ ಬಂದು ಬೀಳೋದು ಅಲ್ಲಿಗೆ. ಅವುಗಳಲ್ಲಿ ನಮ್ಮ ಅತ್ತೆಯವರದೂ ಒಂದಿತ್ತು. ಅದರ ಮೊದಲ ಪುಟದಲ್ಲಿ ಒಬ್ಬ ಡಾಕ್ಟರು ಬರೆದ ಒಂದು ಸಾಲು ಏಳು ವರ್ಷ ನನ್ನನ್ನು ಕೊಲೆಗಾತಿ ಮಾಡಿತ್ತು. ಆ ಸಾಲು ತಪ್ಪು ಅಂತ ಬರೆದವನ ಕೈಯಲ್ಲೇ ಬರೆಸಬೇಕು, ಅದೂ ನಾಲ್ಕು ಜನರ ಮುಂದೆ. ನನ್ನ ಆಸೆ ಇದ್ದದ್ದು ಅಷ್ಟೇ.

ಅತ್ತೆ ಮೈಸೂರು ಕಡೆಯವರು. ಮಾವ ತೀರಿಕೊಂಡ ಮೇಲೆ ಚೆನ್ನೈನ ಕ್ರೋಂಪೇಟೆಯ ನಮ್ಮ ಮನೆಗೆ ಬಂದರು. ನನ್ನ ಯಜಮಾನರದು ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ಕೆಲಸ, ತಿಂಗಳಲ್ಲಿ ಹದಿನೈದು ದಿನ ಊರೂರು ಸುತ್ತೋದು. ಹಾಗಾಗಿ ಮನೆಯಲ್ಲಿ ನಾವಿಬ್ಬರೇ, ಜಗಳ ಬಿಡಿಸೋಕೆ ಮೂರನೆಯವರಿಲ್ಲ. ನನ್ನ ಸಾರು ಅವರಿಗೆ ಬರೀ ನೀರು, ನನ್ನ ಅನ್ನ ಮುದ್ದೆ, ನಾನು ರಂಗೋಲಿ ಬಿಟ್ಟರೆ ಕೋಳಿ ಕೆರೆದ ಹಾಗೆ. ನಾನೇನು ಕಡಿಮೆಯವಳೇ? ಒಂದು ಮಾತಿಗೆ ಎರಡು ಸೇರಿಸಿ ಕೊಡುತ್ತಿದ್ದೆ. ಆದರೆ ಪಕ್ಕದ ಮನೆಯ ಹೆಂಗಸು ಒಮ್ಮೆ ನನ್ನನ್ನು ಏನೋ ಅಂದಾಗ, ಒಂದಕ್ಷರ ತಮಿಳು ಬಾರದ ನಮ್ಮತ್ತೆ ಕನ್ನಡದಲ್ಲೇ ಅವಳ ನೀರಿಳಿಸಿ ಬಂದಿದ್ದರು. ನನ್ನನ್ನು ಬೈಯೋ ಹಕ್ಕು ತಮ್ಮೊಬ್ಬರದೇ ಅಂತ ತಿಳಿದಿದ್ದರೋ ಏನೋ.

ಬಚ್ಚಲ ಬಾಗಿಲಿನ ತಗಡು ತಗುಲಿ ಅವರ ಕಾಲಿಗೆ ಗಾಯವಾಯಿತು. ಸಕ್ಕರೆ ಕಾಯಿಲೆ ಬೇರೆ ಇತ್ತು. ಅರಿಶಿನ ಮೆತ್ತಿ, ಹಳೇ ಪಂಚೆಯ ಚೂರು ಸುತ್ತಿಕೊಂಡು ಓಡಾಡುತ್ತಿದ್ದರು. ಒಂದು ಬುಧವಾರ ಬೆಳಗ್ಗೆ ನೋಡುತ್ತೇನೆ, ಮೈ ಕೆಂಡ, ಮೇಲುಸಿರು, ಎರಡು ಸಲ ವಾಂತಿ. ಆಟೋದಲ್ಲಿ ಕೂರಿಸಿಕೊಂಡು ಈ ಆಸ್ಪತ್ರೆಗೆ ಓಡಿದೆ.

ನಾನು ಕೌಂಟರಿನಲ್ಲಿ ಫಾರಂ ತುಂಬುತ್ತಾ ನಿಂತಾಗ ಒಳಗೆ ಅವರೊಬ್ಬರೇ. ಎಮರ್ಜೆನ್ಸಿಯ ಡ್ಯೂಟಿ ಡಾಕ್ಟರು ಏನಾಯಿತು ಅಂತ ತಮಿಳಲ್ಲಿ ಕೇಳಿದ್ದಾನೆ. ಅತ್ತೆ ಹೇಳಿದ್ದಾರೆ, “ನಂಜು. ಮೈಗೆಲ್ಲ ನಂಜೇರಿದೆ ಕಣಪ್ಪ.”

ನಮ್ಮ ಕಡೆ ನಂಜು ಅಂದರೆ ಗಾಯ ಕೆಟ್ಟು, ಕೀವಾಗಿ, ಜ್ವರ ಬಂದು ಮೈಗೇರೋದು. ದೇವರ ಹೆಸರಿನಲ್ಲಿರೋ ಹಳೇ ನಂಜು ವಿಷವೇ ಇರಬಹುದು, ಆದರೆ ಮನೆಯಲ್ಲಿ ಕಾಲು ಹಿಡಿದುಕೊಂಡು ಕೂತ ಹೆಂಗಸು ಆ ಅರ್ಥದಲ್ಲಿ ಆಡೋದಿಲ್ಲ. ಸೆಪ್ಸಿಸ್ ಅಂತ ಡಾಕ್ಟರುಗಳು ಹೇಳುತ್ತಾರಲ್ಲ, ಅದಕ್ಕೆ ಇದಕ್ಕಿಂತ ಸರಿಯಾದ ಕನ್ನಡ ನನಗಂತೂ ಗೊತ್ತಿಲ್ಲ. ರೋಗಿಯೇ ರೋಗದ ಹೆಸರು ಹೇಳಿದ್ದಳು! ಆದರೆ ತಮಿಳಿನಲ್ಲಿ ನಂಜು ಅಂದರೆ ವಿಷ, ಬರೀ ವಿಷ. ವಾಂತಿ ಮಾಡುತ್ತಾ ನಂಜು ನಂಜು ಅನ್ನೋ ಮುದುಕಿ ಒಳಗೆ, ಸೊಸೆ ಹೊರಗೆ. ಅವನಿಗೆ ಕಥೆ ಪೂರ್ತಿಯಾಯಿತು.

ನಾನು ಒಳಗೆ ಹೋಗೋ ಹೊತ್ತಿಗೆ ಅವರ ಮೂಗಿಗೆ ನಳಿಗೆ ಹಾಕಿ ಹೊಟ್ಟೆ ತೊಳೆಯುತ್ತಿದ್ದರು. ಪೊಲೀಸರಿಗೆ ಫೋನು ಹೋಗಿತ್ತು. ಏನು ಕೊಟ್ಟೆ ಅಂತ ಅವನು ನನ್ನನ್ನು ಕೇಳಿದ. ಕಾಲು ನೋಡಿ, ಕಾಲು ನೋಡಿ ಅಂತ ಮೂರು ಸಲ ಬಡಕೊಂಡೆ. ಸೆಕ್ಯೂರಿಟಿಯವನನ್ನು ಕರೆದು ನನ್ನನ್ನು ಹೊರಗೆ ಕಳಿಸಿದ. ಮಧ್ಯಾಹ್ನ ಕಳೆದ ಮೇಲೆ, ವಾಸನೆ ತಾಳಲಾರದೆ ಒಬ್ಬ ನರ್ಸು ಕಾಲಿನ ಬಟ್ಟೆ ಬಿಚ್ಚಿದಳು. ಅಷ್ಟರಲ್ಲಿ ರಕ್ತದೊತ್ತಡ ಕುಸಿದಿತ್ತು. ಮೂರನೆಯ ದಿನ ಐಸಿಯುನಲ್ಲಿ ಹೋಗಿಬಿಟ್ಟರು.

ಪೋಸ್ಟ್‌ಮಾರ್ಟಂ ಆಯಿತು. ವಿಷವಿಲ್ಲ ಅಂತ ಲ್ಯಾಬಿನಿಂದ ವರದಿ ಬರೋಕೆ ತಿಂಗಳುಗಟ್ಟಲೆ ಹಿಡಿಯಿತು, ಪೊಲೀಸರು ಫೈಲು ಮುಚ್ಚಿದರು. ಆದರೆ ಆಸ್ಪತ್ರೆಯ ಶೀಟಿನಲ್ಲಿ ಇದ್ದದ್ದು ಹಾಗೇ ಉಳಿಯಿತು. ವಿಷ ಸೇವಿಸಿರುವ ಶಂಕೆ, ಜೊತೆಗಿದ್ದವರು ಸೊಸೆ. ಸಾವಿನ ಕಾರಣ, ಹೃದಯ ನಿಂತದ್ದು. ಅಲ್ಲ, ಸತ್ತವರಲ್ಲಿ ಯಾರ ಹೃದಯ ನಿಲ್ಲೋದಿಲ್ಲ ಹೇಳಿ?

ಮೈಲಾಪೂರಿನಲ್ಲಿರೋ ನನ್ನ ನಾದಿನಿ ಆ ಶೀಟಿನ ನಕಲು ತೆಗೆಸಿ ಓದಿದಳು. ಹದಿಮೂರನೆಯ ದಿನ ತನ್ನ ಮನೆಯಿಂದಲೇ ಡಬ್ಬಿ ಕಟ್ಟಿಕೊಂಡು ಬಂದು, ನೆಂಟರೆಲ್ಲರ ಮುಂದೆ ಬಿಚ್ಚಿ ಉಂಡು ಹೋದಳು. ಲ್ಯಾಬಿನ ವರದಿ ಬಂದ ಮೇಲೆ ತೋರಿಸಿದೆ. ಗೊತ್ತಾಗದ ವಿಷಗಳೂ ಇರುತ್ತವಂತೆ ಅತ್ತಿಗೆ ಅಂದಳು, ನಯವಾಗಿ. ಯಜಮಾನರು ನನ್ನ ಪರವಾಗೇ ನಿಂತರು, ಇಲ್ಲ ಅನ್ನೋದಿಲ್ಲ. ಆದರೆ ‘ನೀನು ಅಂಥವಳಲ್ಲ ಅಂತ ನನಗೆ ಗೊತ್ತು’ ಅಂತ ತಿಂಗಳಿಗೊಂದು ಸಲ ಹೇಳೋ ಗಂಡನ ಜೊತೆ ಸಂಸಾರ ಮಾಡಿ ನೋಡಿ, ಆಗ ತಿಳಿಯುತ್ತೆ.

ಹಲ್ಲು ಕಚ್ಚಿಕೊಂಡು ಮೆಡಿಕಲ್ ರೆಕಾರ್ಡಿನ ಕೋರ್ಸು ಮುಗಿಸಿದೆ, ಅದೇ ಆಸ್ಪತ್ರೆಗೆ ಅರ್ಜಿ ಹಾಕಿದೆ. ಆ ಸಾಲು ಬರೆದವನು ಅಷ್ಟರಲ್ಲಿ ದೊಡ್ಡ ಡಾಕ್ಟರಾಗಿದ್ದ, ವಿಭಾಗಕ್ಕೇ ಮುಖ್ಯಸ್ಥ. ನನ್ನ ಗುರುತೇ ಸಿಗಲಿಲ್ಲ. ದಿನಾ ಬೆಳಗ್ಗೆ ಲಿಫ್ಟಿನಲ್ಲಿ ಸಿಕ್ಕರೆ ಬಾಯಲ್ಲಿ ವಣಕ್ಕಂ ಸಾರ್ ಅನ್ನುತ್ತಿದ್ದೆ, ಮನಸ್ಸಿನಲ್ಲಿ ನಿನ್ನ ಮನೆ ಹಾಳಾಗ ಅನ್ನುತ್ತಿದ್ದೆ.

ಕಳೆದ ವರ್ಷ ಅವನಿಗೇ ಒಂದು ಹುಕಿ ಬಂತು. ನಮ್ಮಲ್ಲಿ ದಾಖಲಾಗೋ ರೋಗಿಗಳಲ್ಲಿ ಎಷ್ಟು ಜನಕ್ಕೆ ಸೆಪ್ಸಿಸ್ ಇರುತ್ತೆ ಅಂತ ಅಳೆಯಬೇಕಂತೆ. ಹಳೇ ಶೀಟುಗಳಲ್ಲಿ ಆ ಪದ ಎಲ್ಲೆಲ್ಲಿದೆ ಹುಡುಕಿ ಎಣಿಸಿ ಕೊಡಿ ಅಂತ ನನಗೆ ಕೆಲಸ ಹಚ್ಚಿದ. ಎಣಿಸಿ ಕೊಟ್ಟೆ. ಕೊಡುವಾಗ ಹೇಳಿದೆ, ಸಾರ್, ಇದು ರೋಗದ ಲೆಕ್ಕ ಅಲ್ಲ, ಆ ಪದ ಬರೆಯೋಕೆ ನೆನಪಾದ ಡಾಕ್ಟರುಗಳ ಲೆಕ್ಕ. ರೋಗ ಬೇಕಾದರೆ ಜ್ವರ ನೋಡಿ, ನಾಡಿ ನೋಡಿ, ಉಸಿರು, ರಕ್ತದೊತ್ತಡ, ರಕ್ತದ ಪರೀಕ್ಷೆ ನೋಡಿ, ಆಮೇಲೆ ಎಣಿಸಿ. ಅವನು ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದ್ದು ಆವತ್ತು. ಬಹಳ ಸರಿ ಅಂದ, ನಾಲ್ಕು ಜನರೆದುರು ಹೊಗಳಿದ ಕೂಡ. ನನಗೆ ಒಳಗೊಳಗೇ ಹೊಟ್ಟೆ ಉರಿಯಿತು.

ಹೊಸ ಕ್ರಮ ಹೀಗೆ. ಚೀಟಿ ಎತ್ತಿ ಶೀಟುಗಳನ್ನು ಆರಿಸೋದು. ಹೆಸರು, ರೋಗದ ಹೆಸರು, ಡಾಕ್ಟರ ಹೆಸರು ಯಾವುದೂ ಇಲ್ಲದೆ, ಬರೀ ಲಕ್ಷಣಗಳನ್ನು ಒಂದು ಫಾರಮ್ಮಿಗೆ ನಾನು ಇಳಿಸಿಕೊಡೋದು. ಇಬ್ಬರು ಕಿರಿಯ ಡಾಕ್ಟರು ಬೇರೆ ಬೇರೆ ಕೂತು ಓದಿ, ಇದು ಸೆಪ್ಸಿಸ್ಸೋ ಅಲ್ಲವೋ ಅಂತ ಬರೆಯೋದು. ಇಬ್ಬರ ಮಾತೂ ಒಂದಕ್ಕೊಂದು ಹೊಂದದಿದ್ದರೆ ಅವನು ತೀರ್ಮಾನ ಹೇಳೋದು. ಚೀಟಿ ಎತ್ತೋದರಲ್ಲಿ ನಾನು ಕೈಯಾಡಿಸಲಿಲ್ಲ, ಎಣಿಕೆಯನ್ನೇ ಕೆಡಿಸೋಷ್ಟು ಪಾಪಿ ನಾನಲ್ಲ. ಆದರೆ ಎಣಿಕೆ ಶುರುವಾಗೋ ಮುಂಚೆ ಎಲ್ಲರೂ ಒಟ್ಟಿಗೆ ಕೂತು ಅಭ್ಯಾಸಕ್ಕೆ ಅಂತ ಕೆಲವು ಫಾರಂ ಓದಬೇಕಿತ್ತು. ಆ ಕಟ್ಟು ಮಾಡೋ ಕೆಲಸ ನನ್ನದು. ನಾಲ್ಕನೆಯದು ನಮ್ಮತ್ತೆಯವರದು.

ಮೀಟಿಂಗ್ ರೂಮಿನಲ್ಲಿ ಅವನು, ಆ ಇಬ್ಬರು ಕಿರಿಯರು, ಹಿರಿಯ ನರ್ಸು, ನಾನು. ವಯಸ್ಸಾದ ಹೆಂಗಸು, ಸಕ್ಕರೆ ಕಾಯಿಲೆ, ಕಾಲಲ್ಲಿ ಕೆಟ್ಟ ಗಾಯ, ಜ್ವರ ಇಷ್ಟು, ನಾಡಿ ಇಷ್ಟು, ಸಂಜೆಯ ಹೊತ್ತಿಗೆ ಆಂಟಿಬಯಾಟಿಕ್ ಶುರು ಅಂತ ಒಬ್ಬ ಓದಿದ. ಇನ್ನೊಬ್ಬ, ವಾಂತಿ ಇದೆಯಲ್ಲ, ಬೇರೆ ಏನಾದರೂ ಇರಬಹುದೇ ಅಂತ ರಾಗ ಎಳೆದ. ದೊಡ್ಡ ಡಾಕ್ಟರು ಫಾರಂ ಕಿತ್ತುಕೊಂಡು ಕಣ್ಣಾಡಿಸಿದ.

“ಇದರಲ್ಲಿ ಅನುಮಾನ ಏನಿದೆ? ಬಾಗಿಲಿಗೆ ಬಂದಾಗಲೇ ಸೆಪ್ಸಿಸ್. ಸಂಜೆ ತನಕ ಔಷಧಿ ಕೊಡದೆ ಕೂತಿದ್ದ ಆ ಮೂರ್ಖ ಯಾರು?”

ನನ್ನ ತೊಡೆಯ ಮೇಲೆ ಫೈಲು ರೆಡಿ ಇತ್ತು. ಮೊದಲ ಪುಟ ತೆರೆದು ಅವನ ಮುಂದಿಟ್ಟೆ.

“ನೀವೇ ಸಾರ್. ಅದರಲ್ಲಿ ಬರೆದಿರೋ ಸೊಸೆ ನಾನು.”

ಅವನು ತನ್ನ ಅಕ್ಷರವನ್ನೇ ನೋಡುತ್ತಾ ಕೂತ. ಕಿರಿಯರಿಬ್ಬರೂ ಎದ್ದು ಹೋಗೋಕೆ ನೋಡಿದರು, ಇರಲಿ ಕೂತ್ಕೊಳ್ಳಿ ಅಂದೆ. ಕನ್ನಡದ ನಂಜು ಯಾವುದು, ತಮಿಳಿನ ನಂಜು ಯಾವುದು ಅಂತ ಮಗುವಿಗೆ ಹೇಳೋ ಹಾಗೆ ಬಿಡಿಸಿ ಹೇಳಿದೆ. ಸುಳ್ಳು ಯಾಕೆ ಹೇಳಲಿ, ಹಬ್ಬದೂಟ ಉಂಡ ಹಾಗಿತ್ತು ನನಗೆ. ಫೈಲನ್ನು ಹೀಗೆ ಬಳಸಿದ್ದಕ್ಕೆ ಅವನು ನನ್ನ ಕೆಲಸ ಕಿತ್ತುಕೊಳ್ಳಬಹುದಿತ್ತು, ಅದಕ್ಕೂ ತಯಾರಾಗೇ ಹೋಗಿದ್ದೆ. ಅವನು ಹಾಗೆ ಮಾಡಲಿಲ್ಲ. ಕಾಲು ನೋಡಬೇಕಿತ್ತು ಅಂದ, ಮೆಲ್ಲಗೆ. ಪರವಾಗಿಲ್ಲ ಅಂತ ನಾನು ಅನ್ನಲಿಲ್ಲ. ಬರೆದು ಕೊಡಿ ಅಂದೆ.

ಎಲ್ಲರೆದುರಿಗೆ ಒಂದು ತಿದ್ದುಪಡಿ ಹಾಳೆ ತೆಗೆದುಕೊಂಡು ಬರೆದ. ಮೊದಲು ಬರೆದದ್ದು ತಪ್ಪು. ವಿಷವಿಲ್ಲ. ಕಾಲಿನ ಗಾಯದಿಂದ ಸೆಪ್ಸಿಸ್. ಮೇಷ್ಟರು ಡಿಕ್ಟೇಷನ್ ನೋಡೋ ಹಾಗೆ ಮೇಲೆ ಬಗ್ಗಿ ನಿಂತು ಒಂದೊಂದೇ ಪದ ನೋಡಿದೆ. ನಡುವೆ ಪೆನ್ನು ನಿಲ್ಲಿಸಿದ. ಫಾರಮ್ಮಿನಲ್ಲಿ ನಾನು ಒಂದು ಜಾಗ ಖಾಲಿ ಬಿಟ್ಟಿದ್ದೆ.

“ಜ್ವರ ಶುರುವಾದದ್ದು ಯಾವತ್ತಮ್ಮಾ?”

ಚುಚ್ಚೋಕೆ ಕೇಳಿದ್ದಲ್ಲ, ಪ್ರತಿ ರೋಗಿಗೂ ಕೇಳೋ ಪ್ರಶ್ನೆ ಅದು. ಬುಧವಾರ ಅನ್ನೋದು ನಾಲಿಗೆ ತುದಿಯಲ್ಲೇ ಇತ್ತು. ಅಂದುಬಿಟ್ಟಿದ್ದರೆ ಯಾರು ಕೇಳುತ್ತಿದ್ದರು?

ಆ ಭಾನುವಾರ ನಾನು ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ. ಕಾಲಲ್ಲಿ ಗಾಯ ಇಟ್ಟುಕೊಂಡಿರೋಳಿಗೆ ಬದನೆಕಾಯಿ ಬಡಿಸ್ತೀಯಲ್ಲ, ಬೇಕೂಂತಲೇ ಮಾಡಿದ್ದಾ ಅಂತ ಅತ್ತೆ ತಟ್ಟೆ ತಳ್ಳಿದರು. ಬೇಡವಾದರೆ ಉಪವಾಸ ಬಿದ್ದಿರಿ ಅಂದೆ. ಆಮೇಲೆ ನಮ್ಮಿಬ್ಬರಿಗೂ ಮಾತಿಲ್ಲ. ಸಂಜೆ ಅವರೇ ಸೋತು, ಚಳಿಯಾಗ್ತಿದೆ ಕಣಮ್ಮ, ಹೊದಿಕೆ ಕೊಡು ಅಂದರು. ಚೆನ್ನೈ ಸೆಕೆಯಲ್ಲಿ ಎಂಥ ಚಳಿ, ನಾಟಕ ಅಂದುಕೊಂಡೆ. ಬಾಗಿಲಲ್ಲೇ ನಿಂತು ಹೊದಿಕೆ ಎಸೆದು ಬಂದೆ. ಹಣೆ ಮುಟ್ಟಿ ನೋಡಲಿಲ್ಲ. ಸೋಮವಾರವೂ ನೋಡಲಿಲ್ಲ, ಮಂಗಳವಾರವೂ ನೋಡಲಿಲ್ಲ.

ಭಾನುವಾರ ಅಂದೆ. ಅವನು ದಾಖಲಾದ ತಾರೀಖು ನೋಡಿ, ತುಟಿಯಲ್ಲೇ ದಿನ ಎಣಿಸಿ, ಮೂರು ಅಂತ ಬರೆದ. ಮೂರು ದಿನ ಏನು ಮಾಡ್ತಿದ್ದೆ ಅಂತ ಕೇಳಿದ್ದರೆ ಚೆನ್ನಾಗಿತ್ತು, ಜಗಳಕ್ಕೆ ನಾನು ಎಂದಿಗೂ ತಯಾರು. ಸಹಿ ಹಾಕಿ ಹಾಳೆಯನ್ನು ನನ್ನ ಕಡೆ ತಿರುಗಿಸಿದ. ಮಾಹಿತಿ ಕೊಟ್ಟವರು ಅಂತ ಅವನ ಸಹಿಯ ಕೆಳಗೇ ನನ್ನದೂ ಹಾಕಿದೆ.

ಅವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸೋದೂ ಇಲ್ಲ. ಆ ಹಾಳೆಯ ನಕಲನ್ನು ನಾದಿನಿಯ ಮುಖಕ್ಕೆ ಹಿಡಿಯಬೇಕು ಅಂತ ಏಳು ವರ್ಷ ಕಾದಿದ್ದೆ. ಈಗ ನಕಲು ಇದೆ. ವಿಷವಿಲ್ಲ ಅನ್ನೋದೂ ಅದರಲ್ಲಿದೆ, ಮೂರು ದಿನ ಅನ್ನೋದೂ ಅದರಲ್ಲೇ ಇದೆ. ಮೈಲಾಪೂರಿನ ವಿಳಾಸ ಬರೆದ ಲಕೋಟೆ ನನ್ನ ಡ್ರಾಯರಿನಲ್ಲಿ ಬಿದ್ದು ತಿಂಗಳಾಯಿತು, ಇನ್ನೂ ಕಳಿಸಿಲ್ಲ.