ಹುಳದ ಮನೆಯ ಮಡಿ

ಆ ವಾರವೆಲ್ಲ ನಾನು ಚಿಕ್ಕಪ್ಪನಿಗೆ ಹಿಡಿಶಾಪ ಹಾಕಿದ್ದೇನೆ. ಮನಸ್ಸಿನಲ್ಲಲ್ಲ, ಎದುರಿಗೇ.

ಬೈರಕೂರಿನ ಕಡೆ ನಮ್ಮ ಊರು. ಅಪ್ಪ, ಚಿಕ್ಕಪ್ಪ ಇಬ್ಬರೂ ಸೇರಿ ರೇಷ್ಮೆ ಹುಳು ಸಾಕುತ್ತಾರೆ. ಅಪ್ಪನ ಲಿವರ್ ಕೆಟ್ಟು ಎರಡು ವರ್ಷವಾಗಿತ್ತು. ಕುಡಿದು ಕೆಟ್ಟದ್ದಲ್ಲ, ಗೊತ್ತೇ ಆಗದೆ ಒಳಗೆ ಉಳಿದ ಕಾಮಾಲೆಯ ವೈರಸ್ಸು. ಕೋಲಾರದ ಡಾಕ್ಟರು ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ತಿಂದದ್ದು ಕರುಳಿನಲ್ಲಿ ಅರಗುವಾಗ ಅಮೋನಿಯಾ ಹುಟ್ಟುತ್ತದೆ, ಎಲ್ಲರಿಗೂ. ಒಳ್ಳೆಯ ಲಿವರ್ ಅದನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಅಪ್ಪನದಕ್ಕೆ ಆ ತಾಕತ್ತಿಲ್ಲ. ಒಳಗೇ ನಿಂತರೆ ಅದು ರಕ್ತದ ಜೊತೆ ಮೆದುಳಿಗೇರುತ್ತದೆ, ಅಲ್ಲಿ ಅದು ವಿಷ. ಅದಕ್ಕೇ ಭೇದಿ ಮಾಡಿಸುವ ಈ ಸಿಹಿ ಸಿರಪ್ಪು, ದಿನಕ್ಕೆ ಎರಡು ಮೂರು ಸಲ ಹೊಟ್ಟೆ ಖಾಲಿಯಾಗಲೇಬೇಕು, ಒಂದು ದಿನವೂ ತಪ್ಪಿಸಬೇಡಿ ಎಂದಿದ್ದರು.

ಆ ಎರಡು ಮೂರು ಸಲವೇ ನಮ್ಮ ಮನೆಯಲ್ಲಿ ತೊಡಕಾಯಿತು. ಹುಳು ಕೊನೆಯ ಸಲ ಪೊರೆ ಬಿಟ್ಟ ಮೇಲೆ ಗೂಡು ಕಟ್ಟುವ ತನಕ, ಸುಮಾರು ಎಂಟು ದಿನ, ಹುಳದ ಮನೆಗೆ ಬಲು ಮಡಿ. ಕಕ್ಕಸಿಗೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬದಲಿಸಿದ ಮೇಲೆಯೇ ಹೊಸ್ತಿಲು ದಾಟಬೇಕು. ಇಲ್ಲದಿದ್ದರೆ ಹುಳುವಿಗೆ ರೋಗ ಬರುತ್ತದೆಂಬ ಭಯ. ಆ ಸಲದ ರೇಷ್ಮೆ ಬೆಳೆಯಲ್ಲಿ, ಪದೇ ಪದೇ ಕಕ್ಕಸಿಗೆ ಹೋಗುವುದೇ ಬೇಡವೆಂದು, ಸಿರಪ್ಪಿನ ಸೀಸೆಯನ್ನು ಚಿಕ್ಕಪ್ಪ ಅಟ್ಟಕ್ಕೆ ಹಾಕಿದ. ಕೋಲಾರದಿಂದ ನಾನು ಫೋನು ಮಾಡಿದಾಗಲೆಲ್ಲ ಅಮ್ಮ, "ಕುಡೀತಾವ್ರಮ್ಮ" ಎನ್ನುತ್ತಿದ್ದಳು.

ಶನಿವಾರ ಊರಿಗೆ ಹೋದೆ. ಅಪ್ಪ ಊಟದ ತಟ್ಟೆಗೆ ಹುಳು ತಿನ್ನುವ ಹಿಪ್ಪುನೇರಳೆ ಸೊಪ್ಪು ಹಾಕಿಕೊಂಡು, ಸಾರು ಬಡಿಸಲೆಂದು ಕಾಯುತ್ತಾ ಕೂತಿದ್ದ. ಕರೆದರೆ ನನ್ನನ್ನು ಯಾರೋ ಎಂಬಂತೆ ನೋಡಿದ. ಡಾಕ್ಟರು ಹೇಳಿಕೊಟ್ಟಂತೆ ಕೈ ಮುಂದಕ್ಕೆ ಚಾಚಿಸಿದೆ. ಹಸ್ತಗಳು ಮೊರದಲ್ಲಿ ಕೇರುವ ಹಾಗೆ ಬಡಿದುಕೊಂಡವು. ಪಕ್ಕದ ಮನೆಯವನು ಬಾಗಿಲಲ್ಲಿ ಇಣುಕಿ, "ಏನು, ಬೆಳಗ್ಗೇನೇ ಹಾಕ್ಕೊಂಡವ್ರಾ?" ಎಂದು ಹಲ್ಲು ಕಿರಿದ. ಜನ್ಮದಲ್ಲಿ ಹೆಂಡ ಮುಟ್ಟದ ಮನುಷ್ಯನ ಬಗ್ಗೆ ಆ ಮಾತು. ಅವನ ಮುಖದ ಮೇಲೇ ಬಾಗಿಲು ಹಾಕಿದೆ.

ಆಸ್ಪತ್ರೆಯಲ್ಲಿ ಎನಿಮಾ ಕೊಟ್ಟರು, ಮೂಗಿನ ನಳಿಗೆಯಿಂದ ಅದೇ ಸಿರಪ್ಪು ಇಳಿಸಿದರು. ಮೂರನೇ ದಿನ ಅಪ್ಪನಿಗೆ ನನ್ನ ಗುರುತು ಸಿಕ್ಕಿತು.

ಮನೆಗೆ ಕರೆತಂದ ದಿನ ಚಿಕ್ಕಪ್ಪ, ಹುಳು ಗೂಡು ಕಟ್ಟಿದ ಮೇಲೆ ಉಳಿದ ಹಿಕ್ಕೆ, ಕೊಳೆತ ಸೊಪ್ಪು ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಸಾಗಿಸುತ್ತಿದ್ದ.

"ದಿನಾ ಇದನ್ನ ಯಾಕೆ ಎತ್ತಿ ಹಾಕ್ತಿದ್ದೆ ಚಿಕ್ಕಪ್ಪ?" ಎಂದೆ.

"ಬಿಟ್ರೆ ಘಾಟು ಏಳುತ್ತಲ್ಲಮ್ಮ. ಹುಳ ಉಳೀತವಾ?"

"ಆ ಘಾಟೇ ಅಮೋನಿಯಾ. ಹುಳದ ಕಸ ನೀನು ದಿನಾ ಎತ್ತಿದೆ, ನಿಮ್ಮಣ್ಣನ ಹೊಟ್ಟೇಲಿ ಎಂಟು ದಿನ ಕಟ್ಟಿಹಾಕಿದೆ. ನೀನೊಬ್ಬ ಮನುಷ್ಯನಾ?"

ಅವನು ಬುಟ್ಟಿ ಕೆಳಗಿಟ್ಟ. ಉತ್ತರ ಬಂದದ್ದು ಒಳಗೆ ಅಪ್ಪನ ಮಂಚದಿಂದ.

"ಅವನ್ನ ಯಾಕೆ ಬಯ್ತೀಯ? ಸೀಸೆ ಅಟ್ಟಕ್ಕೆ ಹಾಕು ಅಂದಿದ್ದು ನಾನು. ಕುಡೀತಾವ್ರೆ ಅನ್ನು ಅಂತ ನಿಮ್ಮಮ್ಮಂಗೂ ನಾನೇ ಹೇಳ್ದೆ."

ನಾನು ಒಳಗೆ ಹೋಗಿ ಮುಚ್ಚಳದಲ್ಲಿ ಸಿರಪ್ಪು ಅಳೆದು ಅಪ್ಪನ ಕೈಗೆ ಕೊಟ್ಟೆ. "ಮುಂದಿನ ಬೆಳೇಲಿ ಕುಡೀತೀಯೋ ಇಲ್ವೋ?"

ಕುಡಿದು ಬಾಯಿ ಒರೆಸಿಕೊಂಡ. "ಆವಾಗ ನೋಡಾಣ ಬಿಡು. ಗೂಡು ಹೆಂಗ್ ಬಂದವೆ, ಅದನ್ನ ಹೇಳು."

ಚಿಕ್ಕಪ್ಪನ ಮೇಲೆ ಕೂಗಾಡುವುದು ಎಷ್ಟೋ ಸುಲಭವಾಗಿತ್ತು. ಈಗ ತಾನೇ ಬದುಕಿ ಬಂದ ಅಪ್ಪನ ಕೆನ್ನೆಗೆ ಬಾರಿಸಬೇಕೆನಿಸಿತು. ಮುಚ್ಚಳ ಕಿತ್ತುಕೊಂಡು ಹೊರಗೆ ಬಂದೆ.