ಶೇಕಡಾ ಸಾಹೇಬರು
ದೇಶದ ಒಟ್ಟು ಉತ್ಪನ್ನದಲ್ಲಿ ಮನೆಗಳ ಬಳಕೆ ಎಷ್ಟು ಪಾಲು, ಸರ್ಕಾರದ ಬಳಕೆ ಎಷ್ಟು ಪಾಲು ಎಂದು ಲೆಕ್ಕ ಹಾಕುವುದು ಅಪ್ಪನ ಕೆಲಸ, ಆದ್ದರಿಂದಲೇ ಕಚೇರಿಯವರು ಅವರಿಗೆ ಶೇಕಡಾ ಸಾಹೇಬರು ಎಂದು ಹೆಸರಿಟ್ಟಿದ್ದಾರೆಂಬುದು ಮಗಳಿಗೆ ಗೊತ್ತು. ನೆಂಟರು ಬಿಸ್ಕತ್ತಿಗೆ ಕೈ ಹಾಕಿದರೆ ಅಪ್ಪ "ತಗೊಳ್ಳಿ, ಮನೆಗಳ ಬಳಕೆ ಏರ್ಲಿ" ಎನ್ನುತ್ತಾರೆ. ಸಂಜೆ ಬೀದಿದೀಪ ಹೊತ್ತಿಕೊಂಡರೆ ತಲೆಯೆತ್ತಿ ನಿಂತು "ಸರ್ಕಾರದ್ದು" ಎಂದು ಮೆಚ್ಚುತ್ತಾರೆ. ಬೆಳಿಗ್ಗೆ ಅವಳು ಪೇಸ್ಟ್ ಒತ್ತುವಾಗ ಬಚ್ಚಲ ಬಾಗಿಲಲ್ಲಿ ನಿಂತು, "ಕೋಟಿ ಜನ ಈಗ ಇದನ್ನೇ ಒತ್ತುತ್ತಾ ಇದ್ದಾರಮ್ಮ" ಎಂದು ದೇವರ ಸುದ್ದಿ ಹೇಳುವವರಂತೆ ದನಿ ತಗ್ಗಿಸುತ್ತಾರೆ. ಅವಳಿಗೂ ಒಂದು ಕ್ಷಣ ಬ್ರಷ್ಷು ಭಾರವೆನಿಸಿ ಮೈ ಜುಮ್ಮೆನ್ನುತ್ತದೆ. ಅಜ್ಜಿ ಹಾಸಿಗೆ ಹಿಡಿದಾಗಲೂ ಅಪ್ಪ ಈ ಚಾಳಿ ಬಿಡಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಮ್ಮ ಮೈ ಒರೆಸಿದರೆ ಅದು ಸರ್ಕಾರದ ಬಳಕೆ. ಮನೆಗೆ ಕರೆತಂದು ಸಂಬಳಕ್ಕೆ ಆಯಾಳನ್ನು ಇಟ್ಟ ಮೇಲೆ ಅದೇ ಒರೆಸುವುದು ಮನೆಗಳ ಬಳಕೆ. ಆಯಾ ರಜೆ ಹಾಕಿದ ದಿನ ಅಪ್ಪನೇ ಅಂಗಿಯ ತೋಳು ಮಡಚಿ, ಬಿಸಿನೀರಿನಲ್ಲಿ ಬಟ್ಟೆ ಹಿಂಡಿ, ತಮ್ಮ ತಾಯಿಯ ಬೆನ್ನು ಒರೆಸತೊಡಗಿದರು. "ಅಪ್ಪಾ, ಇದು ಯಾವ ಲೆಕ್ಕಕ್ಕೆ?" ಎಂದು ಮಗಳು ಕೀಟಲೆಗೆ ಕೇಳಿದಳು. ಅಪ್ಪನ ಕೈ ನಿಂತುಬಿಟ್ಟಿತು. "ಸಂಬಳ ಇಲ್ಲದೆ ಮನೆಯವರೇ ಮಾಡಿದ್ದು ಯಾವ ಲೆಕ್ಕಕ್ಕೂ ಬರಲ್ಲ ಪುಟ್ಟಿ" ಎಂದರು. ಆಮೇಲೆ ಕಿಟಕಿಯಾಚೆ ಒಂದಕ್ಕೊಂದು ಅಂಟಿಕೊಂಡು ನಿಂತ ಮನೆಗಳನ್ನು, ಅವುಗಳ ತೆರೆದ ಕಿಟಕಿಗಳನ್ನು ಮೊದಲ ಸಲ ಕಂಡವರಂತೆ ನೋಡುತ್ತಾ, "ಎಷ್ಟು ದೊಡ್ಡದಿದೆಯಪ್ಪಾ ಈ ದೇಶ" ಎಂದು ಪಿಸುಗುಟ್ಟಿದರು. "ನೀರು ಆರ್ತಾ ಇದೆ ಕಣೋ, ಒರೆಸು" ಎಂದಳು ಅಜ್ಜಿ.